ವಾಯವ್ಯದ ಗಾಳಿ

ಕೆಲವು ವರ್ಷಗಳ ಹಿಂದೆ ಬಿಬಿಸಿ ರೇಡಿಯೊ 4ರಲ್ಲಿ ಬೆಳಗಿನ ಜಾವ 5 ಗಂಟೆ 20 ನಿಮಿಷಕ್ಕೆ ಕಡಲಿನವರಿಗಾಗಿ ಹವಾಮಾನ ಓದುತ್ತಿದ್ದರು. ಬ್ರಿಟನ್ನಿನ ಸುತ್ತಲ ಸಮುದ್ರವನ್ನು 31 ಪಾಲು ಮಾಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ವೈಕಿಂಗ್‌ನಿಂದ ಹೊರಟ ಧ್ವನಿ ಫಾರ್ಟೀಸ್, ಡಾಗರ್, ಥೇಮ್ಸ್, ಡೋವರ್ ಎಂದು ಪ್ರದಕ್ಷಿಣೆ ಬಂದು ನಮ್ಮ ಪಾಲಾದ ‘ವೈಟ್’ ಮುಟ್ಟುವಷ್ಟರಲ್ಲಿ ನನ್ನ ನಿದ್ದೆ ಪೂರ್ತಿ ಹಾರಿರುತ್ತಿತ್ತು. ಫೆಬ್ರುವರಿಯ ಆ ಶನಿವಾರ ಓದಿದ್ದು ಇಷ್ಟು: ಗಾಳಿಯ ಬಲ ನೈಋತ್ಯದಿಂದ 5, ಕೆಲವು ಸಲ 6, ‘ಲೇಟರ್’ ವಾಯವ್ಯಕ್ಕೆ ತಿರುಗಿ 6. ಮಳೆ, ಆಮೇಲೆ ಬಿಟ್ಟು ಬಿಟ್ಟು ಆಲಿಕಲ್ಲು. ಈ ವರದಿಯಲ್ಲಿ ಒಂದೊಂದು ಮಾತಿಗೂ ಅಳತೆಯಿದೆ. ಬಿರುಗಾಳಿ ‘ಇಮಿನೆಂಟ್’ ಎಂದರೆ 6 ಗಂಟೆಯೊಳಗೆ, ‘ಸೂನ್’ ಎಂದರೆ 6ರಿಂದ 12 ಗಂಟೆ, ‘ಲೇಟರ್’ ಎಂದರೆ 12 ಗಂಟೆ ಕಳೆದ ಮೇಲೆ. ಅಂದರೆ ಹಗಲು ನೈಋತ್ಯದ್ದು, ರಾತ್ರಿ ವಾಯವ್ಯದ್ದು. ನಾನು ಎದ್ದು ಉಣ್ಣೆಯ ಒಳಬಟ್ಟೆ ಹುಡುಕತೊಡಗಿದೆ.

ನಮ್ಮೂರು ಗಂಗೊಳ್ಳಿಯಲ್ಲಿ ಆಗ ಬೆಳಗಿನ ಹನ್ನೊಂದರ ಹತ್ತಿರ. ಶನಿವಾರ ಆ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡುವುದು ರೂಢಿ.

“ಗಾಳಿ ಜೋರ್ ಇತ್ತಾ ಅಲ್ಲಿ?”

“ಇತ್ತ್ ಅಮ್ಮಾ.”

“ಆದ್ರೂ ಹೋತ್ಯಾ? ಹೊಟ್ಟಿಪಾಡಿಗೆ ಹೋಪವ್ರೇ ಹೋಪುದಿಲ್ಲ ಇಂಥಾ ಗಾಳಿಗೆ. ನೀ ಎಂತಕ್ಕೆ ಹೋಪುದು?”

ಅಮ್ಮ ಕೇಳಿದ್ದು ಸುಮ್ಮನೆ ಅಲ್ಲ. ಅವರ ಅಣ್ಣ, ನನ್ನ ಸೋದರಮಾವ, ಒಂದು ಆಗಸ್ಟಿನಲ್ಲಿ ನಮ್ಮ ಅಳಿವೆಯ ಬಾಯಲ್ಲೇ ದೋಣಿ ಮಗುಚಿ ಹೋದವರು. ನಾನು ನೋಡಿದ್ದು ಅವರ ಫೋಟೊ ಮಾತ್ರ. ನಮ್ಮಲ್ಲಿ ಕಡಲೆಂದರೆ ಕೆಲಸದ ಜಾಗ. ಮಳೆಗಾಲ ಹಿಡಿದರೆ ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ಅಮ್ಮನ ಅಪ್ಪ, ನಮ್ಮ ಅಜ್ಜಯ್ಯ, ಹಂಚು ತುಂಬಿದ ಮಂಜಿಯಲ್ಲಿ ಮುಂಬಯಿಗೆ ಹೋಗಿ ಬರುತ್ತಿದ್ದ ತಾಂಡೇಲ. ಎಂಜಿನ್ ಇಲ್ಲದ, ಹಾಯಿ ಒಂದನ್ನೇ ನಂಬಿದ ಹಡಗು. ಮಳೆಗೆ ಮುಂಚೆ ಅದನ್ನು ದಡಕ್ಕೆಳೆದು ಮಡಲು ಹೊದೆಸಿಟ್ಟರೆ ಮತ್ತೆ ನೀರಿಗಿಳಿಯುವುದು ಕಡಲು ತಣಿದ ಮೇಲೆ. ನಾನು ಹುಟ್ಟುವ ಹೊತ್ತಿಗೆ ಯಂತ್ರದೋಣಿಗಳು ಬಂದು ಹಾಯಿಯ ಕಾಲ ಮುಗಿಯುತ್ತಿತ್ತು. ಅಜ್ಜಯ್ಯ ಜಗಲಿಯಲ್ಲಿ ಕುಳಿತು ನನಗೆ ಗಂಟು ಹಾಕಲು ಕಲಿಸುತ್ತಿದ್ದರು. ಸಂತೋಷಕ್ಕಾಗಿ ಯಾರಾದರೂ ಹಾಯಿ ಬಿಚ್ಚಿಯಾರು ಎಂಬುದನ್ನು ಅವರು ಕೇಳಿರಲಿಕ್ಕೂ ಇಲ್ಲ.

ಆ ಗಂಟೇ ನನ್ನನ್ನು ದೋಣಿಗೆ ಹತ್ತಿಸಿತು. 1996ರಲ್ಲಿ ಅರಿವಳಿಕೆ ವೈದ್ಯೆಯಾಗಿ ಸೌತಾಂಪ್ಟನ್ನಿಗೆ ಬಂದೆ. ಎರಡು ಮನೆಯಾಚೆ ನಿವೃತ್ತ ಭೂಗೋಳದ ಟೀಚರೊಬ್ಬರು ಇದ್ದರು. ಗಂಡ ತೀರಿಕೊಂಡ ಮೇಲೂ ಇಬ್ಬರ ದೋಣಿಯನ್ನು ಒಬ್ಬರೇ ಇಟ್ಟುಕೊಂಡಿದ್ದವರು. ಒಂದು ಸಂಜೆ ಅವರ ಬೇಲಿಗೆ ಒರಗಿದ್ದ ಗುಲಾಬಿ ಬಳ್ಳಿಯನ್ನು ಕಟ್ಟಿಕೊಟ್ಟೆ. ಎಷ್ಟು ಎಳೆದರೂ ಬಿಗಿದುಕೊಳ್ಳದ, ಬೇಕೆಂದಾಗ ಸಲೀಸಾಗಿ ಬಿಚ್ಚಿಕೊಳ್ಳುವ ಅಜ್ಜಯ್ಯನ ಕುಣಿಕೆ. ಅವರು ಬಗ್ಗಿ ನೋಡಿ, “ಇದು ಬೋಲೈನ್. ಯಾರು ಕಲಿಸಿದರು ನಿನಗೆ?” ಎಂದರು. ಮುಂದಿನ ಭಾನುವಾರ ನಾನು ಹ್ಯಾಂಬಲ್ ನದಿಯಲ್ಲಿದ್ದೆ. ಅಂದಿನಿಂದ ಅವರು ನನಗೆ ಸ್ಕಿಪ್ಪರ್.

ಅವರ ದೋಣಿ ವೆಸ್ಟರ್ಲಿ ಸೆಂಟಾರ್. 26 ಅಡಿ ಉದ್ದ, ಎಪ್ಪತ್ತರ ದಶಕದ್ದು. ಈ ಮಾದರಿಯ ದೋಣಿಗಳನ್ನು ಇಂಗ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದ್ದಾರೆ. ಅಡಿಯಲ್ಲಿ ‘ಕೀಲ್’ ಎಂಬ ಎರಡು ಕಬ್ಬಿಣದ ರೆಕ್ಕೆಗಳಿವೆ, ಆದ್ದರಿಂದ ನೀರಿಳಿದರೆ ಕೆಸರಿನ ಮೇಲೆ ಹಸು ನಿಂತಂತೆ ನೆಟ್ಟಗೆ ನಿಲ್ಲುತ್ತದೆ. ಸುಮಾರು 3 ಟನ್ ತೂಕದಲ್ಲಿ ಒಂದು ಟನ್ನಿಗೂ ಮೀರಿದ್ದು ಆ ಕೀಲ್‌ಗಳ ಕಬ್ಬಿಣವೇ. ಮೊದಲ ಸಲ ದೋಣಿ ವಾಲಿದಾಗ ಮಾವನ ನೆನಪಾಗಿ ನನ್ನ ಕೈಕಾಲು ತಣ್ಣಗಾಗಿತ್ತು. ಸ್ಕಿಪ್ಪರ್ ನನ್ನ ಅಂಗೈಯನ್ನು ದೋಣಿಯ ಒಳನೆಲಕ್ಕೆ ಒತ್ತಿಸಿ ಹೇಳಿದರು: “ಇದರ ಕೆಳಗೆ ಕಬ್ಬಿಣವಿದೆ. ದೋಣಿ ವಾಲಿದಷ್ಟೂ ಅದು ಜೋರಾಗಿ ಎಳೆದು ನೆಟ್ಟಗೆ ಮಾಡುತ್ತದೆ. ಜೊತೆಗೆ ಹಾಯಿಯೂ ಬಾಗಿ ಗಾಳಿಯನ್ನು ಬಿಟ್ಟುಕೊಡುತ್ತದೆ.” ಮಾವನ ಪಾತಿದೋಣಿಗೆ ಆ ಕಬ್ಬಿಣವಿರಲಿಲ್ಲ.

ಮೊದಲ ಬೇಸಿಗೆ ನನಗೆ ಹಿಡಿಸಲಿಲ್ಲ. ಸೋಲೆಂಟ್ ಅಂದರೆ ಇಂಗ್ಲೆಂಡಿನ ನೆಲಕ್ಕೂ ವೈಟ್ ದ್ವೀಪಕ್ಕೂ ನಡುವಿನ ಕಿರಿದಾದ ಕಡಲು. 1851ರಲ್ಲಿ ‘ಅಮೆರಿಕ’ ಎಂಬ ಹಾಯಿಹಡಗು ಬಂದು ಬ್ರಿಟಿಷರನ್ನು ಸೋಲಿಸಿ ಬಟ್ಟಲು ಒಯ್ದದ್ದು ಈ ದ್ವೀಪವನ್ನೇ ಸುತ್ತಿ. 1826ರಿಂದ ನಡೆಯುತ್ತ ಬಂದ ಕೌಸ್ ವಾರದ ಪಂದ್ಯಗಳಿಗೆ ಆಗಸ್ಟಿನಲ್ಲಿ ನೂರಾರು ಹಾಯಿ ನೆರೆಯುತ್ತವೆ. ಎಲ್ಲ ಕಡೆ ದೋಣಿ, ಎಲ್ಲ ಕಡೆ ಎಂಜಿನ್ನು, ಮಧ್ಯಾಹ್ನದ ಹೊತ್ತಿಗೆ ಗಾಳಿ ಸತ್ತು ಹಾಯಿ ಒಗೆದ ಬಟ್ಟೆಯಂತೆ ಜೋತುಬೀಳುವುದು. ಅಕ್ಟೋಬರ್ ಕಳೆದ ಮೇಲೆ ಹೆಚ್ಚಿನವರು ದೋಣಿಯನ್ನು ಕ್ರೇನಿನಿಂದ ಎತ್ತಿ ದಡದಲ್ಲಿ ಇಡುತ್ತಾರೆ, ನಮ್ಮ ಮಂಜಿಗಳಂತೆಯೇ. ಸ್ಕಿಪ್ಪರ್ ಇಡುತ್ತಿರಲಿಲ್ಲ. “ಈಗ ಶುರು” ಎನ್ನುತ್ತಿದ್ದರು.

ಚಳಿಗಾಲದ ಗಾಳಿಗೆ ಭಾರವಿದೆ. ಇದು ಬರೀ ಅನಿಸಿಕೆಯಲ್ಲ. 5 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ಸಾಂದ್ರ. ಅದರ ಮೇಲೆ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. 12 ನಾಟಿನಲ್ಲಿ ಒಂದು ಕೈಯಲ್ಲಿ ಹಿಡಿದಿದ್ದ ಹಗ್ಗ 24 ನಾಟಿನಲ್ಲಿ ವಿಂಚಿಗೆ ಮೂರು ಸುತ್ತು ಸುತ್ತಿದರೂ ಜಗ್ಗುತ್ತದೆ. ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದ್ದೆ. ಭುಜಕ್ಕೆ ಅದು ತಿಳಿದದ್ದು ಒಂದು ಡಿಸೆಂಬರಿನಲ್ಲಿ.

ಅಂದು ಚುಕ್ಕಾಣಿ ನನ್ನ ಕೈಯಲ್ಲಿತ್ತು. ಕ್ಯಾಲ್ಶಾಟಿನ ಹತ್ತಿರ ಗಾಳಿ ಏರುತ್ತಿರುವುದು ಗೊತ್ತಾಗುತ್ತಿತ್ತು. ಬೆಳ್ಳನೆಯ ನೊರೆ ಅಲ್ಲೊಂದು ಇಲ್ಲೊಂದು ಇದ್ದದ್ದು ಸಾಲುಗಟ್ಟಿತ್ತು. ಹಾಯಿಯನ್ನು ಒಂದು ಪಟ್ಟಿ ಇಳಿಸಿ ಕಟ್ಟಬೇಕು, ಇವರು ರೀಫ್ ಅನ್ನುವುದು ಅದಕ್ಕೆ. ಆದರೆ ದೋಣಿ ಓಡುತ್ತಿತ್ತು, ನನಗೆ ಸುಖವಾಗಿತ್ತು, ಇನ್ನೊಂದು ಐದು ನಿಮಿಷ ಎಂದುಕೊಂಡೆ. ಆಗ ಹಿಂದಿನಿಂದ ಕಪ್ಪು ಸುಕ್ಕೊಂದು ನೀರಿನ ಮೇಲೆ ಓಡಿಬಂತು. ದೋಣಿ ಪಕ್ಕಕ್ಕೆ ಬಿದ್ದಂತಾಗಿ, ಎರಡೂ ಕೈಯಲ್ಲಿ ಎಳೆದರೂ ಚುಕ್ಕಾಣಿ ಕೇಳದೆ, ತಾನೇ ತಿರುಗಿ ಗಾಳಿಗೆ ಮುಖಮಾಡಿ ನಿಂತಿತು. ಹಾಯಿ ಬಡಿದುಕೊಳ್ಳುವ ಸದ್ದಿಗೆ ಕಿವಿ ಮುಚ್ಚಿಹೋಯಿತು. ಸ್ಕಿಪ್ಪರ್ ಬೈಯಲಿಲ್ಲ. ಕೂವೆಮರದ ಬುಡಕ್ಕೆ ತೆವಳಿ ಹೋಗಿ ಮರಗಟ್ಟಿದ ಬೆರಳಲ್ಲಿ ಹಾಯಿ ಇಳಿಸಿ ಕಟ್ಟಿ ಬಂದರು. ಆಮೇಲೆ ಹೇಳಿದ್ದು ಒಂದೇ ಮಾತು: “ಇಳಿಸಬೇಕೋ ಏನೋ ಎಂದು ಮನಸ್ಸಿಗೆ ಬಂತಲ್ಲ, ಅದೇ ಇಳಿಸುವ ಹೊತ್ತು.” ಜಗಲಿಯಲ್ಲಿ ಅಜ್ಜಯ್ಯ ಎಷ್ಟೋ ಸಲ ಅಂದಿದ್ದರು: “ಹಾಯಿ ಇಳ್ಸುಕೆ ನಾಚ್ಕಂಬುಕಾಗ ಮಗಾ.” ಆಗ ನಾನು ಅದನ್ನು ಕಥೆಯೊಳಗಿನ ಮಾತು ಎಂದುಕೊಂಡು ಕೇಳಿದ್ದೆ.

ಹಾಯಿ ಇಳಿಸಿದ ಮೇಲೆ ಆದದ್ದು ನನಗೆ ಆಶ್ಚರ್ಯ. ಬಟ್ಟೆ ಕಡಿಮೆಯಾದರೂ ವೇಗ ಕಡಿಮೆಯಾಗಲಿಲ್ಲ. ದೋಣಿ ನೆಟ್ಟಗಾಯಿತು, ಚುಕ್ಕಾಣಿ ಎರಡು ಬೆರಳಿಗೆ ಮಾತು ಕೇಳಿತು. ಜೋರುಗಾಳಿಯ ಸುಖವೆಂದರೆ ಅಬ್ಬರವಲ್ಲ. ಅಷ್ಟು ದೊಡ್ಡ ಬಲದ ಜೊತೆ ಸರಿಯಾದ ಅಳತೆಯಲ್ಲಿ ಇರುವುದು. ನನ್ನ ಉದ್ಯೋಗದಲ್ಲಿ ದಿನವೂ ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರ. ಎಷ್ಟು ಬೇಕೋ ಅಷ್ಟೇ ಔಷಧ, ಕಣ್ಣು ಸದಾ ರೋಗಿಯ ಮೇಲೆ.

ಚಳಿಯ ಬಗ್ಗೆ ವೈದ್ಯೆಯಾಗಿ ನನಗೆ ಭ್ರಮೆಯಿಲ್ಲ. ಫೆಬ್ರುವರಿಯಲ್ಲಿ ಸೋಲೆಂಟಿನ ನೀರು 7–8 ಡಿಗ್ರಿ. ಅಂಥ ನೀರಿಗೆ ಬಿದ್ದವರು ಚಳಿಯಿಂದ ಸಾಯುತ್ತಾರೆ ಎಂದು ಜನ ತಿಳಿದಿದ್ದಾರೆ. ಅನೇಕರು ಸಾಯುವುದು ಅದಕ್ಕೂ ಬಹಳ ಮೊದಲು, ಮೊದಲ ನಿಮಿಷಗಳಲ್ಲೇ. ತಣ್ಣೀರು ತಾಗುತ್ತಲೇ ತಡೆಯಲಾಗದ ಏದುಸಿರು ಬರುತ್ತದೆ, ಬಾಯಿ ನೀರೊಳಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈ ಬೆರಳು ಕೆಲಸಕ್ಕೆ ಬರುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಎಂಬುದು ಇಲ್ಲಿ ಕಲಿಸುವ ಸ್ಥೂಲ ಲೆಕ್ಕ. ಮೊದಲ ನಿಮಿಷದಲ್ಲಿ ಮುಖವನ್ನು ನೀರಿನಿಂದ ಮೇಲಿಡಲು ಲೈಫ್ ಜಾಕೆಟ್ಟಿಗಿಂತ ಒಳ್ಳೆಯ ದಾರಿಯಿಲ್ಲ. ಅದನ್ನು ತೊಟ್ಟು, ಸೊಂಟದ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿದ ಮೇಲೆಯೇ ನಾನು ಕಾಕ್‌ಪಿಟ್ಟಿಗೆ ಕಾಲಿಡುವುದು. ಇದರಿಂದ ಸಂತೋಷ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೊಕ್ಕೆ ಸಿಕ್ಕಿದ ‘ಟಕ್’ ಸದ್ದಿಗೆ ಈಗಲೂ ನನ್ನ ಮನಸ್ಸು ಹಗುರಾಗುತ್ತದೆ.

ಆ ಶನಿವಾರ ನಮ್ಮ ಗುರಿ ಯಾರ್ಮತ್, ವೈಟ್ ದ್ವೀಪದ ಪಶ್ಚಿಮ ತುದಿಯ ಪುಟ್ಟ ಬಂದರು. ಗಾಳಿ ಅದೇ ದಿಕ್ಕಿನಿಂದ, ಕೆಳಗೆ ನೀರು ಅದೇ ದಿಕ್ಕಿಗೆ. ಗಾಳಿಗೆ ಎದುರಾಗಿ ಪ್ರವಾಹ ಓಡಿದರೆ ಅಲೆ ಗಿಡ್ಡವಾಗಿ ಗೋಡೆಯಂತೆ ನಿಲ್ಲುತ್ತದೆ. ನಾಲ್ಕು ಗಂಟೆ ಅಡ್ಡಡ್ಡ ಕೊರೆಯುತ್ತ ಹೋದೆವು: ಒಮ್ಮೆ ದ್ವೀಪದ ಕಡೆಗೆ, ಒಮ್ಮೆ ನೆಲದ ಕಡೆಗೆ. ಪ್ರತಿ ಅಲೆಗೂ ಮೂತಿ ಎದ್ದು ಧಡ್ ಎಂದು ಬಿದ್ದು ಒಂದು ಬಕೆಟ್ಟು ನೀರು ಹಾರಿ ಕಾಲರಿನ ಸಂದಿನಿಂದ ಬೆನ್ನಿಗಿಳಿಯುತ್ತಿತ್ತು. ಇದು ದುಡಿತ. ಇದನ್ನೂ ಸುಖವೆಂದು ಹೇಳಿದರೆ ಸುಳ್ಳಾದೀತು. ಆದರೆ ನಾಲ್ಕು ಗಂಟೆಯಲ್ಲಿ ಒಮ್ಮೆಯೂ ಆಸ್ಪತ್ರೆ ನೆನಪಾಗಲಿಲ್ಲ. ಮುಂದಿನ ಅಲೆ, ಅದರ ಮುಂದಿನ ಅಲೆ, ಅಷ್ಟೇ. ಆ ವಾರ ವಾರ್ಡಿನಲ್ಲಿ ಒಂದು ಮಗು ಹೋಗಿತ್ತು.

ಯಾರ್ಮತ್‌ನಲ್ಲಿ ದೋಣಿ ಕಟ್ಟಿದಾಗ ಸಂಜೆಗತ್ತಲಿನಂತೆ ಮಳೆ. ಬೇಸಿಗೆಯಲ್ಲಿ ಜಾಗವೇ ಸಿಗದ ಬಂದರಿನಲ್ಲಿ ನಮ್ಮದನ್ನು ಸೇರಿಸಿ ನಾಲ್ಕು ದೋಣಿ. 1547ರಲ್ಲಿ ಕಟ್ಟಿ ಮುಗಿಸಿದ ಎಂಟನೆಯ ಹೆನ್ರಿಯ ಕೋಟೆ ಒಂದು ಪಕ್ಕ, ಆರ್‌ಎನ್‌ಎಲ್‌ಐ ಜೀವರಕ್ಷಕ ದೋಣಿ ಇನ್ನೊಂದು ಪಕ್ಕ. 1824ರಲ್ಲಿ ಹುಟ್ಟಿ, ಹೆಚ್ಚಾಗಿ ಜನರ ದಾನದ ಮೇಲೆ ನಡೆದುಬಂದ ಸಂಸ್ಥೆ ಅದು. ಬಿರುಗಾಳಿಗೆ ಹೊರಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಆ ದೋಣಿಯನ್ನು ಕಂಡಾಗಲೆಲ್ಲ ಗಂಗೊಳ್ಳಿ ಅಳಿವೆಯ ಬಾಯಲ್ಲಿ ಮಾವ ಮಗುಚಿದ ಹೊತ್ತಿಗೆ ಇಂಥದ್ದೊಂದು ಇದ್ದಿದ್ದರೆ ಎಂದು ನನಗೆ ಅನಿಸದೆ ಇರುವುದಿಲ್ಲ.

ಕ್ಯಾಬಿನ್ನಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡು ಸ್ಟೌ ಹಚ್ಚಿದೆವು. ನಾನು ಮನೆಯಿಂದ ತಂದ ಹುರುಳಿ ಸಾರು ಕುದಿಯಿತು. ಹುರುಳಿ ಮೈಗೆ ಉಷ್ಣ ಎಂದು ಅಜ್ಜಿ ಮಳೆಗಾಲದಲ್ಲಿ ಮಾಡುತ್ತಿದ್ದದ್ದು. ಸ್ಕಿಪ್ಪರಿಗೆ ಅದು ಎಷ್ಟು ಹಿಡಿಸಿತ್ತೆಂದರೆ, ದೋಣಿಯ ಸಾಮಾನಿನ ಪಟ್ಟಿಯಲ್ಲಿ ಚಹಾದ ಕೆಳಗೆ ‘ಹುರುಲಿ’ ಎಂದು ಬರೆದಿಟ್ಟಿದ್ದರು. ಒದ್ದೆ ಕೈಯಲ್ಲಿ ಬಿಸಿ ಲೋಟ ಹಿಡಿದಾಗ ಬೆರಳ ತುದಿಗೆ ಜೀವ ಮರಳುತ್ತ ಚುಚ್ಚುವ ನೋವಿದೆಯಲ್ಲ, ಅದು ಆರುವವರೆಗೆ ಇಬ್ಬರೂ ಮಾತಾಡಲಿಲ್ಲ. ಮಾಡಿನ ಮೇಲೆ ಮಳೆ, ಕೂವೆಮರದಲ್ಲಿ ಗಾಳಿಯ ಸಿಳ್ಳು, ದೀಪದ ಸುತ್ತ ಉಸಿರಿನ ಹಬೆ. ಬೇಸಿಗೆಯ ದೋಣಿಯಲ್ಲಿ ಹೊರಗೂ ಒಳಗೂ ಒಂದೇ. ಒಳಗು ಎಂಬುದು ತಿಳಿಯಬೇಕಾದರೆ ಹೊರಗೆ ಇಂಥ ರಾತ್ರಿ ಇರಬೇಕು.

ಅಂದೇ ಅವರು ನನಗೆ ‘ಸುಹೈಲಿ’ಯ ಕಥೆ ಹೇಳಿದ್ದು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಯುವಕ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿಸಿದ 32 ಅಡಿಯ ದೋಣಿ. ಅದರಲ್ಲೇ ಇಂಗ್ಲೆಂಡಿಗೆ ಬಂದು, 1968ರ ಜೂನ್‌ನಲ್ಲಿ ಫಾಲ್ಮತ್‌ನಿಂದ ಹೊರಟು, 312 ದಿನ ಎಲ್ಲೂ ನಿಲ್ಲದೆ ಒಬ್ಬನೇ ಲೋಕ ಸುತ್ತಿ 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದ. ಆ ಸ್ಪರ್ಧೆಗೆ ಹೊರಟ 9 ಮಂದಿಯಲ್ಲಿ ಮುಗಿಸಿದವನು ಅವನೊಬ್ಬನೇ, ಹಾಗೆ ಲೋಕ ಸುತ್ತಿದವರಲ್ಲೂ ಅವನೇ ಮೊದಲಿಗ. ಅಜ್ಜಯ್ಯ ಹಂಚು ಇಳಿಸುತ್ತಿದ್ದ ಊರಿನಲ್ಲಿ ಕಟ್ಟಿದ ದೋಣಿ! ನನಗೆ ಕಣ್ಣು ತುಂಬಿತು. “ನಿನ್ನ ಅಜ್ಜಯ್ಯನ ಕಡೆಯ ಬಡಗಿಗಳಿಗೆ ದೋಣಿ ಗೊತ್ತಿತ್ತು” ಎಂದು ಸ್ಕಿಪ್ಪರ್ ದೀಪ ಆರಿಸಿದರು.

ನಡುರಾತ್ರಿಯ ಮೇಲೆ ಮಳೆ ಒಮ್ಮೆ ಸುರಿದು ಥಟ್ಟನೆ ನಿಂತಿತು. ಒಂದು ಗಳಿಗೆ ನಿಶ್ಶಬ್ದ. ಆಮೇಲೆ ಕೂವೆಮರದ ಸಿಳ್ಳು ಬೇರೆ ಶ್ರುತಿಯಲ್ಲಿ ಶುರುವಾಯಿತು, ದೋಣಿ ಕಟ್ಟಿದ ಹಗ್ಗ ಇನ್ನೊಂದು ಬದಿಗೆ ಕಿರುಗುಟ್ಟಿತು. ಗಾಳಿ ತಿರುಗಿತ್ತು.

ಬೆಳಗ್ಗೆ ಬಾಗಿಲು ಸರಿಸಿದರೆ ತೊಳೆದಿಟ್ಟಂಥ ಆಕಾಶ. ಗಾಳಿ 25 ನಾಟ್, ಉಷ್ಣಾಂಶ 5. ಚರ್ಮಕ್ಕೆ ಅದು ಸೊನ್ನೆಗಿಂತ ಕೆಳಗಿನ ಚಳಿ. ಹತ್ತರ ತನಕ ಪ್ರವಾಹ ಪೂರ್ವಕ್ಕೆ, ನಮ್ಮ ಮನೆಯ ದಿಕ್ಕಿಗೆ. ಬಂದರಿನೊಳಗೇ ದೊಡ್ಡ ಹಾಯಿಗೆ ಎರಡು ಪಟ್ಟಿ ಕಟ್ಟಿ, ಮುಂದಿನದಕ್ಕೆ ಇರುವುದರಲ್ಲೇ ಚಿಕ್ಕದನ್ನು ಏರಿಸಿ, ಸೂರ್ಯ ಹುಟ್ಟುವಾಗ ಹೊರಬಿದ್ದೆವು.

ಆಮೇಲಿನ ಎರಡು ಗಂಟೆಗಳನ್ನು ನಾನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ವಾಯವ್ಯದ ಗಾಳಿ ಅಲ್ಲಿ ನೆಲದ ಕಡೆಯಿಂದ ಬೀಸುತ್ತದೆ. ಅಲೆ ಬೆಳೆಯಲು ಅದಕ್ಕೆ ಜಾಗ ಸಾಲದು. ಆದ್ದರಿಂದ ಗಾಳಿ ಪೂರ್ತಿ, ನೀರು ಸಪಾಟು. ದೋಣಿ ಎಡಗಡೆಯಿಂದ ಗಾಳಿ ತುಂಬಿಕೊಂಡು ಬಲಕ್ಕೆ ಸ್ವಲ್ಪ ಬಾಗಿ ಓಡಿತು. ಅದರ ಉದ್ದಕ್ಕೆ ಸಾಧ್ಯವಾದ ವೇಗ 6 ನಾಟ್. ಕೆಳಗಿನ ಪ್ರವಾಹ ಸೇರಿ ದಡ 8 ನಾಟಿನಲ್ಲಿ ಹಿಂದೆ ಸರಿಯುತ್ತಿತ್ತು. ಚುಕ್ಕಾಣಿಯ ಹಿಡಿಯಲ್ಲಿ ಸಣ್ಣ ಕಂಪನವೊಂದು ಹುಟ್ಟಿ, ನೀರು ಅಡಿಯಲ್ಲಿ ಗುಂಯ್‌ಗುಟ್ಟಿತು. ನ್ಯೂಟೌನ್ ಕಡೆಯ ಕೆಸರುಬಯಲಿನಿಂದ ಬ್ರೆಂಟ್ ಹೆಬ್ಬಾತುಗಳು ಎದ್ದು ಅಲೆಗೆ ರೆಕ್ಕೆ ತಾಗುವಷ್ಟು ಕೆಳಗೆ ಸಾಲಾಗಿ ಹಾದವು. ಚಳಿ ಕಳೆಯಲು ಸೈಬೀರಿಯದಿಂದ ಇಲ್ಲಿಗೆ ಬರುವ ಹಕ್ಕಿಗಳವು, ಇದು ಅವಕ್ಕೆ ಬೆಚ್ಚನೆಯ ಊರು. ಒಮ್ಮೆ ನೆಲದ ಮೇಲಿಂದ ಸೀಸದ ಬಣ್ಣದ ಮೋಡ ಇಳಿದು ಬಂದು ಆಲಿಕಲ್ಲು ಸುರಿಯಿತು. ಕಾಕ್‌ಪಿಟ್ಟಿನ ನೆಲ ಸಾಬೂದಾನಿ ಚೆಲ್ಲಿದಂತಾಯಿತು, ಕೆನ್ನೆ ಉರಿಯಿತು, ಹತ್ತು ನಿಮಿಷ ದಡವೇ ಕಾಣಲಿಲ್ಲ. ಅದು ದಾಟಿದ್ದೇ ಪೂರ್ವದ ಎಳೆಬಿಸಿಲು ಅಡಿಯಿಂದ ಹೊಕ್ಕು ಹಿಂದುಗಡೆ ಇಡೀ ಕಾಮನಬಿಲ್ಲು, ಒಂದು ಕಾಲು ಇಂಗ್ಲೆಂಡಿನಲ್ಲಿ, ಇನ್ನೊಂದು ದ್ವೀಪದಲ್ಲಿ. ಕಣ್ಣಿಗೆ ಸಿಕ್ಕುವಷ್ಟು ನೀರಿನಲ್ಲಿ ಬೇರೊಂದು ಹಾಯಿಯಿಲ್ಲ. ಆ ವಯಸ್ಸಿನಲ್ಲಿ ಸ್ಕಿಪ್ಪರ್ ಹಾಡುತ್ತಿದ್ದರು.

ವಾಯವ್ಯ ವಾಯುದೇವನ ದಿಕ್ಕು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ವಾಸ್ತುವಿನವರು ಅದನ್ನು ಯಾವುದಕ್ಕೆ ಬಳಸುತ್ತಾರೋ, ನನಗೆ ಅದು ಆ ಬೆಳಗಿನ ದಿಕ್ಕು.

ಕ್ಯಾಲ್ಶಾಟ್ ದಾಟಿ ಉತ್ತರಕ್ಕೆ ತಿರುಗಿದಾಗ ಗಾಳಿ ಮುಖಕ್ಕೆ ಬಂತು. ಕೊನೆಯ ಒಂದೂವರೆ ಮೈಲಿ ನಿನ್ನೆಯ ಹಾಗೇ ನೀರು ಕುಡಿಸುತ್ತ ಹ್ಯಾಂಬಲ್ ಸೇರಿಸಿತು. ದೋಣಿ ಕಟ್ಟಿ, ಬೆರಳು ಬಗ್ಗುವಂತಾದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ನಿನ್ನೆಯ ಪ್ರಶ್ನೆಗೆ ದಾರಿಯುದ್ದಕ್ಕೂ ಉತ್ತರ ಹುಡುಕಿದ್ದೆ. “ಅಮ್ಮಾ, ಮಾವನಿಗೆ ಹೋಗದೆ ಇರಲು ಆಗುತ್ತಿರಲಿಲ್ಲ. ನನಗೆ ಆಗುತ್ತದೆ. ಬೇಡ ಅನ್ನಿಸಿದರೆ ನಾನು ಬಂದರಿನಲ್ಲೇ ಕೂತಿರುತ್ತೇನೆ” ಎಂದೆ. ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: “ಹಾಯಿ ಎಷ್ಟ್ ಇಳ್ಸಿದ್ದೆ?”

“ಎರಡ್ ಪಟ್ಟಿ.”

“ಹೋಪುಕ್ ಮುಂಚೆಯಾ, ಹೋದ್ ಮೇಲಾ?”

ತಾಂಡೇಲನ ಮಗಳು ಕೇಳುವ ಪ್ರಶ್ನೆ. ಮುಂಚೆಯೇ ಎಂದೆ. ಆಮೇಲೆ ಅವರು ಯಾವತ್ತೂ ಎಂತಕ್ಕೆ ಹೋಪುದು ಎಂದು ಕೇಳಲಿಲ್ಲ, ಎಷ್ಟು ಇಳಿಸಿದೆ ಎಂದು ಮಾತ್ರ ಕೇಳಿದರು. ಸ್ಕಿಪ್ಪರಿಗೆ ಮೊಣಕಾಲು ಸೋತ ಮೇಲೆ ದೋಣಿ ನನ್ನ ಪಾಲಿಗೆ ಬಂತು. ಅಕ್ಟೋಬರಿನಲ್ಲಿ ಕ್ರೇನಿನವರು ಫೋನ್ ಮಾಡಿದರೆ ಈ ಸಲವೂ ಬೇಡ ಎನ್ನುತ್ತೇನೆ.

ಈ ಕಡೆಯ ಊರುಗಳಲ್ಲಿ ಇರುವ ಕನ್ನಡದವರಿಗೆ ಒಂದು ಮಾತು. ಹಾಯಿದೋಣಿ ಎಂದರೆ ಬೇಸಿಗೆ, ಬಿಸಿಲು, ಶ್ರೀಮಂತರ ಆಟ ಎಂದುಕೊಂಡು ದೂರ ಇರಬೇಡಿ. ಹಳೆಯ ದೋಣಿ ಇಟ್ಟುಕೊಂಡವರಿಗೆ ಚಳಿಗಾಲದಲ್ಲಿ ಯಾವಾಗಲೂ ಒಂದು ಜೊತೆ ಕೈ ಬೇಕಿರುತ್ತದೆ, ಕೇಳಿ ನೋಡಿ. ಬಲ್ಲವರ ಜೊತೆಗೇ ಹೋಗಿ. ಹತ್ತಿ ಬಟ್ಟೆ ಬೇಡ, ಉಣ್ಣೆ ತೊಡಿ. ಲೈಫ್ ಜಾಕೆಟ್ಟನ್ನು ದಡದಲ್ಲೇ ಬಿಗಿದುಕೊಳ್ಳಿ, ಹಾಯಿಯನ್ನು ಬಂದರಿನಲ್ಲೇ ಇಳಿಸಿ ಕಟ್ಟಿ. ಥರ್ಮಾಸಿನಲ್ಲಿ ಹುರುಳಿ ಸಾರು ಇರಲಿ. ಜೂನ್ ತನಕ ಕಾಯಬೇಡಿ.